ಹುಡುಗರು ಹೋದರಂತ ಬೈಬ್ಯಾಡ್ರಿ, ಹಿರಿಯರನ್ನ ಮೊದಲ ಕೇಳ್ರಿ

ನಮ್ಮ ಓಣ್ಯಾಗ ಈಗ ಎರಡು ಮನಿಗೆ ಒಬ್ಬರು ಅಮೆರಿಕಾದಾಗ ಇದ್ದಾರ. ಹಂಗಾಗಿ ಅಲ್ಲಿ ಸುದ್ದಿ ನಮಗ ದೂರದ್ದಲ್ಲ, ಬಾಜೂ ಮನಿ ಸುದ್ದಿ ಇದ್ದಂಗ. ನನ್ನ ಮಗಳು, ಅಳಿಯ ಇರೋದು ಒಹಾಯೋ ರಾಜ್ಯದ ಕೊಲಂಬಸ್ ಊರಾಗ. ಆ ಊರಿನವರಿಗೆ ಸೆಪ್ಟೆಂಬರ್‌ನಿಂದ ನವೆಂಬರ್ ತನಕ ಶನಿವಾರ ಅಂದ್ರ ಜಾತ್ರಿ. ಒಹಾಯೋ ಸ್ಟೇಟ್ ಅನ್ನೋ ಕಾಲೇಜಿನ ಫುಟ್‌ಬಾಲ್ ಆಟ. ಲಕ್ಷಕ್ಕೂ ಹೆಚ್ಚು ಮಂದಿ ಕೂಡೋ ಸ್ಟೇಡಿಯಂ, ಎಲ್ಲಿ ನೋಡಿದರೂ ಕೆಂಪಂಗಿ. ಇದು ನಾವು ಕಾಲಿಲೆ ಆಡೋ ಫುಟ್‌ಬಾಲ್ ಅಲ್ಲ ಮತ್ತ. ಹೆಸರಿಗೆ ಫುಟ್‌ಬಾಲ್, ಆದ್ರ ಚಂಡು ಕೈಯಾಗ ಹಿಡಕೊಂಡು ಓಡತಾರ, ತಲಿಗೆ ಹೆಲ್ಮೆಟ್ ಹಾಕ್ಕೊಂಡು ಒಬ್ಬರ ಮ್ಯಾಲೊಬ್ಬರು ಬೀಳತಾರ.

ಆಟ ಹೆಂಗ ಆಡಬೇಕು ಅಂತ ಬರಿಯೂದು ನನ್ನ ಕೆಲಸ ಅಲ್ಲ. ಆ ಹುಡುಗರನ್ನ ಮನಿಯಿಂದ ಹೆಂಗ ಕರಕೊಂಡು ಹೋಗತಾರ, ಹೋದಮ್ಯಾಲೆ ಹೆಂಗ ಇಟ್ಟುಕೋತಾರ ಅನ್ನೂದು ಮಾತ್ರ ಹೆಣ್ಣುಮಕ್ಕಳಿಗೆ ತಿಳಿಯೋ ವಿಷಯ. ಈಗ ಅಲ್ಲಿ ದೊಡ್ಡ ತಕರಾರು ನಡದದ. ಹುಡುಗರು ಒಂದು ಕಾಲೇಜಿನ್ಯಾಗ ನಿಲ್ಲವಲ್ಲರು, ರೊಕ್ಕದ ಆಶಾಕ್ಕ ವರ್ಷಕ್ಕೊಂದು ಕಾಲೇಜು ಬದಲ ಮಾಡತಾರ, ತಂಡದಾಗ ಸಂಸ್ಕಾರನ ಉಳಿದಿಲ್ಲ ಅಂತ ಹಳೇ ಮಂದಿ ಬೈತಾರ. ನಾ ಹೇಳೂದು ಬ್ಯಾರೆ. ಮನಿ ಬಿಟ್ಟು ಹೋಗೂದನ್ನ ಆ ಹುಡುಗರಿಗೆ ಕಲಿಸಿದವರು ಹಿರಿಯರ. ಹಂಗಂತ ಬಾಗಲಾ ತಗದು "ಹೋಗ್ರಿ, ಎಲ್ಲರೆ ಹೋಗ್ರಿ" ಅಂದುಬಿಟ್ಟರ ಹುಡುಗರು ಉದ್ಧಾರ ಆಗತಾರ ಅನ್ನೂದನ್ನೂ ನಾ ಒಪ್ಪೂದಿಲ್ಲ.

ಮೊದಲ ಕರಕೊಂಡು ಹೋಗೋ ರೀತಿ ಕೇಳ್ರಿ. ನಮ್ಮಲ್ಲಿ ಕನ್ಯಾ ನೋಡ್ಲಿಕ್ಕೆ ಬರತಾರಲ್ಲ, ಅದಕ್ಕೂ ಇದಕ್ಕೂ ಏನೂ ಫರಕ್ ಇಲ್ಲ. ಹುಡುಗ ಇನ್ನೂ ಹೈಸ್ಕೂಲಿನ್ಯಾಗ ಇರತಾನ, ಹದಿನಾರು ಹದಿನೇಳು ವಯಸ್ಸು. ಇವ ಐದು ಚುಕ್ಕಿ ಹುಡುಗ, ಅವ ಮೂರು ಚುಕ್ಕಿ ಹುಡುಗ ಅಂತ ವೆಬ್‌ಸೈಟಿನವರು ಅಂಕಾ ಕೊಟ್ಟಿರತಾರ. ದೊಡ್ಡ ದೊಡ್ಡ ಕಾಲೇಜಿನ ಕೋಚ್‌ಗಳು ಅವನ ಮನಿಗೇ ಬರತಾರ. ಸೋಫಾದ ಮ್ಯಾಲೆ ಕೂಡತಾರ, ತಾಯಿ ಮಾಡಿದ್ದು ಉಂಡು ಹೊಗಳತಾರ. ನಿಮ್ಮ ಮಗಾ ನಮ್ಮ ಮಗಾ ಇದ್ದಂಗ, ಓದಸ್ತೀವಿ, ಪದವಿ ಕೊಡಸ್ತೀವಿ, ಪೆಟ್ಟಾದರ ನೋಡಕೋತೀವಿ ಅಂತಾರ. ಬೀಗರಾಗೋರು ಯಾರು ತಾನ ಮೊದಲನೇ ದಿನ ಕೆಟ್ಟ ಮಾತು ಆಡತಾರ ಹೇಳ್ರಿ? ಆಮ್ಯಾಲೆ ಹುಡುಗ ಸಹಿ ಮಾಡತಾನ. ಮೊದಲ ಇದು ಫೆಬ್ರುವರಿಯೊಳಗ ನಡೀತಿತ್ತು, 2017ರಿಂದ ಡಿಸೆಂಬರ್‌ದಾಗನ ಸಹಿ ಮಾಡಸ್ಲಿಕ್ಕೆ ಶುರು ಮಾಡಿದರು. ಅವಸರ ನೋಡ್ರಿ.

ತಾಯಿ ನಂಬಿದ್ದು ಯಾರನ್ನ? ಕಾಲೇಜಿನ ಕಟ್ಟಡಾ ನೋಡಿ ಅಲ್ಲ, ಎದುರಿಗೆ ಕೂತು ಮಾತು ಕೊಟ್ಟ ಆ ಮನಶಾನ್ನ. ಆ ಮನಶಾ ಏನು ಮಾಡತಾನ? 2021ರ ನವೆಂಬರ್‌ದಾಗ ಒಕ್ಲಹೋಮಾ ಕಾಲೇಜಿನ ಕೋಚ್ ಲಿಂಕನ್ ರೈಲಿ ಕ್ಯಾಲಿಫೋರ್ನಿಯಾದ ಯುಎಸ್‌ಸಿಗೆ ಹೋದರು. ಅದ ವಾರ ನಾಟರ್ ಡೇಮ್ ಕೋಚ್ ಬ್ರಯಾನ್ ಕೆಲಿ ಎಲ್‌ಎಸ್‌ಯುಗೆ ಹೋದರು. ಹೋದವರು ದೊಡ್ಡ ಪಗಾರಕ್ಕ ಹೋದರು, ಮರುದಿನದಿಂದನ ಹೊಸಾ ಮನ್ಯಾಗ ಕೆಲಸ. ಆದ್ರ 2021ಕ್ಕಿಂತ ಮೊದಲ ಹುಡುಗನ ಕಾನೂನು ಏನಿತ್ತು ಗೊತ್ತೇನು? ಅವ ಕಾಲೇಜು ಬದಲ ಮಾಡಿದರ ಒಂದು ವರ್ಷ ಆಟಾ ಆಡೂ ಹಂಗಿಲ್ಲ, ಬರೇ ಕೂತು ನೋಡಬೇಕು. ಇರೋದ ನಾಲ್ಕು ವರ್ಷದ ಆಟ, ಅದರ ನಡುವ ಒಂದು ವರ್ಷ ಬರೇ ಕಾಯೂದು. ಅತ್ತಿ ಬೇಕಾದಾಗ ತವರಿಗೆ ಹೋಗಿ ಬರಬಹುದು, ಸೊಸಿ ಹೋದರ ಮಾತ್ರ ಊರೆಲ್ಲಾ ಸುದ್ದಿ. ಅದ ಕಥಿ.

ರೊಕ್ಕದ್ದೂ ಹಂಗ. 2023ರಾಗ ಟೆಕ್ಸಾಸ್ ಎ ಆಂಡ್ ಎಂ ಕಾಲೇಜಿನವರು ಜಿಂಬೋ ಫಿಶರ್ ಅನ್ನೋ ಕೋಚ್‌ನ್ನ ಅರ್ಧದಾಗ ಬಿಡಿಸಿದರು. ಕರಾರು ಮುಗಿದಿರಲಿಲ್ಲ ಅಂತ ಅವರಿಗೆ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರಿಗೂ ಹೆಚ್ಚು. ಕೆಲಸ ಮಾಡಬ್ಯಾಡ್ರಿ ಅನ್ನೂದಕ್ಕ ಕೊಡೋ ರೊಕ್ಕ ಇದು! ಹುಡುಗರಿಗೆ? 2021ರ ಜುಲೈ ತನಕ ಫೀ, ಊಟ, ವಸತಿ, ಪುಸ್ತಕ, ಮ್ಯಾಲೊಂದಿಷ್ಟು ಕೈಖರ್ಚು, ಅಷ್ಟ. ತನ್ನ ನಂಬರ್ ಹಾಕಿದ ಅಂಗಿ ಅಂಗಡ್ಯಾಗ ಮಾರಿದರೂ ಅವಗ ಒಂದು ಪೈಸಾ ಇಲ್ಲ, ತಗೊಂಡರ ಆಟದಿಂದ ಹೊರಗ. ಅದ ವರ್ಷ ಜೂನ್‌ದಾಗ ಅವರ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು, ಹುಡುಗರಿಗೆ ಓದಿನ ಸಲುವಾಗಿ ಕೊಡೋ ಸವಲತ್ತಿಗೆ ಇಂಥಾ ಕಡಿವಾಣ ಹಾಕೂದು ತಪ್ಪು ಅಂತ ಒಂದ ಮಾತಿನ್ಯಾಗ ತೀರ್ಪು ಕೊಟ್ಟರು. ಮರು ತಿಂಗಳಿಂದ ಹುಡುಗರು ತಮ್ಮ ಹೆಸರು, ಫೋಟೋದಿಂದ ಗಳಸ್ಲಿಕ್ಕೆ ಹತ್ತಿದರು.

ಕಾಲೇಜು ಬದಲ ಮಾಡೂದಕ್ಕೂ ಬಾಗಲಾ ತೆರೀತು. 2018ರ ಅಕ್ಟೋಬರ್‌ದಾಗ ಒಂದು ಪಟ್ಟಿ ಮಾಡಿದರು, ಅದಕ್ಕ ಟ್ರಾನ್ಸ್‌ಫರ್ ಪೋರ್ಟಲ್ ಅಂತಾರ. ನಮ್ಮ ವಧು-ವರರ ಕೇಂದ್ರದಾಗ ಹೆಸರು ಹಚ್ಚಿದಂಗ, ಹುಡುಗ ಹೆಸರು ಹಚ್ಚಿದರ ಬ್ಯಾರೆ ಕಾಲೇಜಿನವರು ಬಂದು ಮಾತಾಡಬಹುದು. 2021ರಾಗ ಒಂದು ಸಲ ಬದಲ ಮಾಡಿದರ ಕೂಡೋ ದಂಡ ಇಲ್ಲ ಅಂದರು. 2024ರಾಗ ಓದಿನ್ಯಾಗ ಪಾಸಾಗಿದ್ದರ ಎಷ್ಟು ಸಲಾನರೆ ಬದಲ ಮಾಡ್ರಿ ಅಂದರು. 2025ರ ಜೂನ್‌ದಾಗ ಕೋರ್ಟಿನ ಒಪ್ಪಂದ ಆಗಿ, ಕಾಲೇಜುಗಳ ನೇರ ತಮ್ಮ ಆಟಗಾರರಿಗೆ ರೊಕ್ಕ ಕೊಡಬಹುದು ಅಂತಾತು. ಮೊದಲನೇ ವರ್ಷಕ್ಕ ಒಂದು ಕಾಲೇಜಿಗೆ ಎಲ್ಲಾ ಆಟಾ ಕೂಡಿ 2.05 ಕೋಟಿ ಡಾಲರ್ ಮಿತಿ.

ಇಷ್ಟು ಕೇಳಿದ ಮ್ಯಾಲೂ ಹುಡುಗರನ್ನ ಆಶಾಬುರುಕರು ಅನ್ನೂದು ನ್ಯಾಯ ಏನ್ರಿ? ದುಡದವರು ಅವರು, ಮೊಣಕಾಲು ಮುರಕೊಂಡವರು ಅವರು. ಕಾಲೇಜಿನ್ಯಾಗ ಆಡೋ ನೂರು ಹುಡುಗರಾಗ ಎನ್‌ಎಫ್‌ಎಲ್ ಅನ್ನೋ ದೊಡ್ಡ ಲೀಗಿಗೆ ಹೋಗೋರು ಇಬ್ಬರೂ ಇಲ್ಲ. ಉಳಿದವರಿಗೆ ಗಳಸೋ ವಯಸ್ಸು ಅಂದ್ರ ಈ ನಾಲ್ಕು ವರ್ಷನ.

ಈಗ ಇನ್ನೊಂದು ಕಡಿ. ನಮ್ಮ ವೈನಿ ಈ ಮಾತು ಬಂದಾಗ ಹೇಳತಾರ, "ಎಲ್ಲಾ ಖರೇ, ಆದ್ರ ನಾಕು ಮನಿ ನೀರು ಕುಡದ ಹುಡುಗ ತಾಳ್ಮಿ ಯಾವಾಗ ಕಲೀತಾನ?" ಅಂತ. ಈ ಮಾತನ್ನ ತಗದು ಹಾಕ್ಲಿಕ್ಕೆ ಬರೂದಿಲ್ಲ. ಮೊದಲನೇ ವರ್ಷ ಆಡಸ್ಲಿಲ್ಲ ಅಂತ ಸಿಟ್ಟಿಲೆ ಹೆಸರು ಹಚ್ಚೋ ಹುಡುಗರು ಇದ್ದಾರ. ಹೆಸರು ಹಚ್ಚಿದ ಕೂಡಲೆ ಹಳೇ ಕಾಲೇಜಿನವರು ಮುಂದಿನ ಅವಧಿಯ ಸ್ಕಾಲರ್‌ಶಿಪ್ ತಗೀಬಹುದು. ಹೊಸಾ ಕಡೆ ಕರಿಯೋರು ಬಂದರ ಸರಿ, ಬರಲಿಲ್ಲ ಅಂದ್ರ ಅತ್ತ ತವರೂ ಇಲ್ಲ, ಇತ್ತ ಗಂಡನ ಮನೀನೂ ಇಲ್ಲ. ಹಂಗ ನಡುನೀರಾಗ ನಿಂತವರು ಅನೇಕರು. ಕಾಲೇಜು ಬದಲ ಮಾಡಿದಾಗೆಲ್ಲಾ ಹಿಂದ ಪಾಸಾದ ಕೆಲವು ವಿಷಯ ಹೊಸಾ ಕಡೆ ಲೆಕ್ಕಕ್ಕ ಬರೂದಿಲ್ಲ, ಪದವಿ ಮುಂದ ಮುಂದ ಹೋಗತದ. ಟಿವ್ಯಾಗ ಕಾಣೋದು ಕೋಟಿ ಗಳಸಿದ ಹುಡುಗ. ಪದವೀನೂ ಇಲ್ಲದ, ತಂಡಾನೂ ಇಲ್ಲದ ಮನಿಗೆ ಬಂದು ಕೂತವನ್ನ ತೋರಸೋರು ಯಾರು? ಅವನ ತಾಯಿ ಒಬ್ಬಾಕೀನ ನೋಡತಾಳ.

ತಂಡದ ಸಂಸ್ಕಾರ ಅಂತಾರಲ್ಲ, ಅದು ನನಗ ಹೆಪ್ಪಿನಂಗ ಕಾಣತದ. ಹಾಲು ದಿನಾ ಹೊಸದ ಬರತದ, ಬರಬೇಕು. ಆದ್ರ ಹೆಪ್ಪು ನಿನ್ನೀದ ಇರಬೇಕು. ನಿನ್ನಿ ಮೊಸರೆಲ್ಲಾ ತಿಕ್ಕಿ ತೊಳದು ಚೆಲ್ಲಿ, ಬರೇ ಹೊಸಾ ಹಾಲು ಇಟ್ಟುಕೊಂಡು ಕೂತರ ಒಡದು ಹೋಗತದ ವಿನಾ ಮೊಸರಾಗೂದಿಲ್ಲ. ಹಂಗಂತ ಹೊಸಾ ಹಾಲ ಬ್ಯಾಡ ಅಂದ್ರ ಹುಳಿ.

ಮೂರು ಮನಿ ಉದಾಹರಣಿ ಕೊಡತೀನಿ. 2022ರ ಡಿಸೆಂಬರ್‌ದಾಗ ಕೊಲೊರಾಡೋ ಕಾಲೇಜಿಗೆ ಡಿಯಾನ್ ಸ್ಯಾಂಡರ್ಸ್ ಕೋಚ್ ಆಗಿ ಬಂದರು. ಮೊದಲನೇ ಭೇಟ್ಯಾಗನ ಇದ್ದ ಹುಡುಗರಿಗೆ, ನಾನು ನನ್ನವರನ್ನ ಕರಕೊಂಡು ಬರತೀನಿ, ನೀವು ಪೋರ್ಟಲ್‌ದಾಗ ಹೆಸರು ಹಚ್ರಿ ಅನ್ನೋ ಅರ್ಥದ ಮಾತು ಹೇಳಿದರು. ಐವತ್ತಕ್ಕೂ ಹೆಚ್ಚು ಹುಡುಗರು ಹೋದರು. ಅವರನ್ನ ಮನಿಗೆ ಹೋಗಿ ಕರದವರು ಹಿಂದಿನ ಕೋಚ್, ಕಳಿಸಿದವರು ಇವರು. ಆ ವರ್ಷ ಹನ್ನೆರಡು ಆಟದಾಗ ನಾಲ್ಕು ಗೆದ್ದರು. ಮುಂದಿನ ವರ್ಷ ಒಂಬತ್ತು ಗೆದ್ದರು, ಅದೂ ಹೇಳಬೇಕು. ಆದ್ರ ಹೋದ ಐವತ್ತು ತಾಯಂದಿರಿಗೆ ಕೊಟ್ಟ ಮಾತಿಗೆ ಜವಾಬ್ದಾರಿ ಯಾರದು?

ಎರಡನೇದು ಕ್ಲೆಮ್ಸನ್. ಅಲ್ಲಿ ಡಾಬೋ ಸ್ವಿನ್ನಿ ಅನ್ನೋ ಕೋಚ್ ಭಾಳ ವರ್ಷದಿಂದ ಇದ್ದಾರ. ನಾವು ಬೆಳಸಿದ ಹುಡುಗರಿಂದನ ನಾವು ಆಡತೀವಿ ಅನ್ನೋ ಹಟ ಅವರದಿತ್ತು. 2024ರಾಗ ಹೊರಗಿನ ಒಬ್ಬನ್ನೂ ಪೋರ್ಟಲ್‌ದಿಂದ ತಗೋಳಿಲ್ಲ, ಆದರೂ ತಮ್ಮ ವಿಭಾಗದ ಕಪ್ ಗೆದ್ದರು. ಎಲ್ಲಾರೂ ಅವರನ್ನ ಹಳೇಕಾಲದವರು ಅಂತ ನಕ್ಕರು. ನನಗೇನೂ ನಗು ಬರೂದಿಲ್ಲ.

ಮೂರನೇದು ನನ್ನ ಮಗಳ ಊರು ಒಹಾಯೋ ಸ್ಟೇಟ್. 2023ರ ಆಟ ಮುಗಿದ ಮ್ಯಾಲೆ ಜ್ಯಾಕ್ ಸಾಯರ್, ಎಮೆಕಾ ಎಗ್ಬುಕಾ ಇಂಥಾ ದೊಡ್ಡ ಹುಡುಗರು ಎನ್‌ಎಫ್‌ಎಲ್‌ಗೆ ಹೋಗಬಹುದಿತ್ತು, ಇನ್ನೊಂದು ವರ್ಷ ನಿಂತರು. ಅದ ಹೊತ್ತಿಗೆ ಹೊರಗಿಂದ ವಿಲ್ ಹೋವರ್ಡ್, ಕ್ವಿನ್‌ಶಾನ್ ಜಡ್ಕಿನ್ಸ್, ಕೇಲೆಬ್ ಡೌನ್ಸ್ ಬಂದರು. ಡೌನ್ಸ್ ಅಲಬಾಮಾ ಬಿಟ್ಟದ್ದು ಯಾವಾಗ? 2024ರ ಜನವರಿಯೊಳಗ ಅಲ್ಲಿ ಕೋಚ್ ನಿಕ್ ಸೇಬನ್ ನಿವೃತ್ತಿ ಆದ ಮ್ಯಾಲೆ. ಹಿರಿಯರು ಎದ್ದರು, ಹುಡುಗಾ ಎದ್ದ. ಆ ವರ್ಷ ನವೆಂಬರ್‌ದಾಗ ಒಹಾಯೋದವರು ತಮ್ಮ ಹಳೇ ಎದುರಾಳಿ ಮಿಶಿಗನ್‌ಗೆ 13-10ರಿಂದ ಸೋತರು. ಊರೆಲ್ಲಾ ಕೋಚ್‌ನ್ನ ತಗೀರಿ ಅಂದರು. ಹುಡುಗರು ಮಾತ್ರ ಒಡೀಲಿಲ್ಲ. 2025ರ ಜನವರಿ 20ಕ್ಕ ನಾಟರ್ ಡೇಮ್‌ನ್ನ 34-23ರಿಂದ ಸೋಲಿಸಿ ದೇಶಕ್ಕ ಮೊದಲನೇವರಾದರು. ಹೊಸಾ ಹಾಲೂ ಇತ್ತು, ನಿನ್ನಿ ಹೆಪ್ಪೂ ಇತ್ತು. ನಿಂತ ದೊಡ್ಡ ಹುಡುಗರು ಬಂದವರಿಗೆ ಮನಿ ರೀತಿ ಕಲಿಸಿದರು, ಬಂದವರು ಕಲಿತರು. ರೊಕ್ಕಾನೂ ಇತ್ತು ಬಿಡ್ರಿ, ಅದಕ್ಕ ಯಾರೂ ಕೆಡಲಿಲ್ಲ.

ಅಂದ್ರ ಬಾಗಲಾ ಮುಚ್ಚೂದರಿಂದ ಸಂಸ್ಕಾರ ಬರೂದಿಲ್ಲ. ಹೋಗಬಹುದು ಅಂತ ಗೊತ್ತಿದ್ದೂ ನಿಲ್ಲತಾರಲ್ಲ, ಅವರಿಂದ ಬರತದ. ಮನ್ಯಾಗ ಮಾತು ಉಳಿಸಿಕೊಳ್ಳೋ ಹಿರಿಯರಿದ್ದರ ಹುಡುಗರು ನಿಲ್ಲತಾರ.

ನನ್ನನ್ನ ಕೇಳಿದರ ಎರಡು ಕಾನೂನು ಬೇಕು. ಒಂದು, ಸ್ಕಾಲರ್‌ಶಿಪ್ ಪದವಿ ಮುಗಿಯೂ ತನಕ ಇರಬೇಕು, ಆಡಲಿ ಬಿಡಲಿ, ಪೆಟ್ಟಾಗಲಿ ಆಗದಿರಲಿ. ಎರಡು, ಕೊಟ್ಟ ಮಾತೆಲ್ಲಾ ಕಾಗದದ ಮ್ಯಾಲೆ ಇರಬೇಕು. 2024ರ ಸೆಪ್ಟೆಂಬರ್‌ದಾಗ ಯುಎನ್‌ಎಲ್‌ವಿ ತಂಡದ ಮ್ಯಾಥ್ಯೂ ಸ್ಲೂಕಾ ಅನ್ನೋ ಹುಡುಗ ಮೂರು ಆಟ ಗೆದ್ದ ಮ್ಯಾಲೆ ತಂಡ ಬಿಟ್ಟ. ಒಂದು ಲಕ್ಷ ಡಾಲರ್ ಕೊಡತೀವಿ ಅಂದಿದ್ದರು, ಕೊಡಲಿಲ್ಲ ಅಂತ ಅವನ ಕಡೆಯವರು. ಒಪ್ಪಿದ್ದನ್ನೆಲ್ಲಾ ಕೊಟ್ಟೀವಿ ಅಂತ ಕಾಲೇಜಿನವರು. ಬಾಯಿಮಾತಿಗೆ ಸಾಕ್ಷಿ ಯಾರು? ಹುಡುಗನ ಆ ವರ್ಷದ ಆಟ ಅಲ್ಲಿಗೇ ನಿಂತಿತು.

ಅಕ್ಕಂದ್ರ, ನಿಮ್ಮ ಮೊಮ್ಮಕ್ಕಳೂ ಅಲ್ಲೇ ಟೆನಿಸ್, ಈಜು, ಸಾಕರ್ ಅಂತ ಆಡತಾರ. ನಾಳೆ ಅವರ ಮನಿಗೂ ಯಾರರೆ ಬಂದು ಸೋಫಾದ ಮ್ಯಾಲೆ ಕೂತು ಹೊಗಳಬಹುದು. ಆಗ ನಿಮ್ಮ ಮಗಳಿಗೆ ಫೋನ್ ಮಾಡಿ ಈ ನಾಕು ಮಾತು ಕೇಳು ಅಂತ ಹೇಳ್ರಿ. ಹುಡುಗಿಗೆ ಪೆಟ್ಟಾದರ ಫೀ ಯಾರು ಕಟ್ಟತಾರ? ಹಿಂದಿನ ನಾಲ್ಕು ವರ್ಷದಾಗ ನೀವು ಕರಕೊಂಡು ಹೋದವರಾಗ ಎಷ್ಟು ಮಂದಿ ಪದವಿ ಮುಗಿಸಿದರು? ನೀವು ಈ ಕಾಲೇಜು ಬಿಟ್ಟು ಹೋದರ ನಮ್ಮ ಹುಡುಗಿ ಗತಿ ಏನು? ಇದನ್ನೆಲ್ಲಾ ಬರದು ಕೊಡತೀರೇನು? ಚಹಾ, ಫಲಾರ ಎಲ್ಲಾ ಕೊಡ್ರಿ, ಅದರಾಗ ಕಡಿಮಿ ಮಾಡಬ್ಯಾಡ್ರಿ. ಸಹಿ ಮಾತ್ರ ಈ ನಾಕಕ್ಕೂ ಉತ್ತರ ಬಂದಮ್ಯಾಲೆ.