ಆರು ವರ್ಷಕ್ಕೇ ನಿಲ್ಲುವ ಮಾಂಟೆಸ್ಸರಿ ಯಾರಿಗೆ ಬೇಕು?



ಮಗುವಿಗೆ ಆರು ತುಂಬಿತು. ಮಾಂಟೆಸ್ಸರಿ ಇಷ್ಟಕ್ಕೆ ಸಾಕೆ, ಮುಂದುವರಿಸಬೇಕೆ? ಹಾಸನ, ಹೊಳೆನರಸೀಪುರಗಳ ಹಣವಂತರಿಗೆ ಇದು ಮನೆಯೊಳಗಿನ ಚರ್ಚೆ. ನಮ್ಮನ್ನು ಕೇಳುವವರೇ ಇಲ್ಲ!

ಈ ಪದ್ಧತಿ ಬಂಗಲೆಯಲ್ಲಿ ಹುಟ್ಟಲಿಲ್ಲ. 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡ ಕೂಲಿಕಾರರ ಕೇರಿಯಲ್ಲಿ ಮರಿಯಾ ಮಾಂಟೆಸ್ಸರಿ ಮೊದಲ ಶಿಶುಗೃಹ ತೆರೆದರು. 1939ರಲ್ಲಿ ಭಾರತಕ್ಕೆ ಬಂದ ಆಕೆ ಯುದ್ಧಕಾಲದಲ್ಲಿ ಕೊಡೈಕೆನಾಲಿನಲ್ಲಿದ್ದು ರೂಪಿಸಿದ್ದು ಆರರಿಂದ ಹನ್ನೆರಡು ವರ್ಷದವರ ಕಲಿಕೆಯನ್ನೇ. ಹೀಗಿರಲು ಆರಕ್ಕೆ ನಿಲ್ಲಿಸುವುದೆಂದರೆ ತಳಪಾಯ ಹಾಕಿ ಗೋಡೆ ಎಬ್ಬಿಸದೆ ಬಿಟ್ಟಂತೆ.

2024ರಲ್ಲಿ ರಾಜ್ಯ ಸರ್ಕಾರ ಅಂಗನವಾಡಿಗಳನ್ನು 'ಸರ್ಕಾರಿ ಮಾಂಟೆಸ್ಸರಿ' ಮಾಡಲು ಹೊರಟಿತು. ಸಂತೋಷ. ಆದರೆ ಆಮೇಲೆ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯೂ ಮೂರನೆಯ ತರಗತಿಗೇ ಮುಗಿಯುತ್ತದೆ. ಮಣಿ ಎಣಿಸಿ ಲೆಕ್ಕ ಕಲಿತ ಮಗು ಬಾಯಿಪಾಠದ ಮುಂದೆ ಮಂಕಾಗುವುದನ್ನು ಮೇಷ್ಟರಾಗಿದ್ದ ನಾನು ಕಣ್ಣಾರೆ ಕಂಡಿದ್ದೇನೆ.

ಇದಕ್ಕೆ ಹಣವೆಲ್ಲಿ ಎನ್ನುವರು. ಸಾಮಾನಿಗೆ ಒಮ್ಮೆ ಖರ್ಚು, ಬಾಳಿಕೆ ಹಲವು ವರ್ಷ. ನಿಜವಾದ ಕೊರತೆ ತರಬೇತಾದ ಉಪಾಧ್ಯಾಯರದು. ಸಾಲ ಮಾಡಿ ಖಾಸಗಿ ಶಾಲೆಯ ಬಾಗಿಲು ತಟ್ಟಬೇಡಿ. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಶಾಲಾಭಿವೃದ್ಧಿ ಸಮಿತಿಯ ಸಭೆಗಳಲ್ಲಿ ಎದ್ದು ನಿಂತು ಕೇಳಿ: ಸರ್ಕಾರಿ ಶಾಲೆಯಲ್ಲಿ, ಕನ್ನಡದಲ್ಲಿ, ಐದನೆಯ ತರಗತಿಯವರೆಗೆ! ಕೂಲಿಕಾರರ ಕೇರಿಯಲ್ಲಿ ಹುಟ್ಟಿದ್ದು ಕೂಲಿಕಾರರ ಮಕ್ಕಳಿಗೆ ಮರಳಿ ಸಲ್ಲಲಿ.