ತೋಟಾಕ್ಕೂ ವಯಸ್ಸಾಗುತ್ತದೆ

ಅಪ್ಪ ತೀರಿಕೊಂಡ ಮರುವರ್ಷ ಆಸ್ತಿಯ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಸಿ.ಎ. ಓದಿದವನು ನಾನೊಬ್ಬನೇ. ಜರ್ಮನಿಯಿಂದ ಮೂರು ವಾರದ ರಜೆ ಹಾಕಿ ಬಂದು, ಮಲೆನಾಡಿನ ನಮ್ಮ ಮನೆಯ ಜಗಲಿಯಲ್ಲಿ ಪಹಣಿ, ಪಾಸ್‌ಬುಕ್, ಅಡಿಕೆ ಮಂಡಿಯ ಚೀಟಿಗಳನ್ನೆಲ್ಲ ಹರವಿಕೊಂಡು ಕೂತೆ. ಬೆಳೆ ರಕ್ಷಣೆಯ ಒಂಟಿನಳಿಗೆ ಕೋವಿಯ ಲೈಸೆನ್ಸು ಅಷ್ಟರಲ್ಲಿ ತಮ್ಮನ ಹೆಸರಿಗೆ ಆಗಿತ್ತು. ಅಟ್ಟದಿಂದ ತಗಡಿನ ಡಬ್ಬಿ ಇಳಿಸಿ ತೋಟಾ ಎಣಿಸಿದೆವು. ಪ್ಲಾಸ್ಟಿಕ್ಕಿನವು ಹನ್ನೊಂದು, ಕಾಗದದವು ಆರು. ಪುಸ್ತಕದ ಲೆಕ್ಕಕ್ಕೂ ಡಬ್ಬಿಯ ಲೆಕ್ಕಕ್ಕೂ ತಾಳೆಯಾಯಿತು. ಯಾವುದು ಯಾವ ವರ್ಷದ್ದು ಎಂದು ಕೇಳಿದರೆ ಮಾತ್ರ ಯಾರಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ತೋಟಕ್ಕೆ ಮಂಗಗಳು ಬಂದವು. ಹೆದರಿಸಲೆಂದು ತಮ್ಮ ಡಬ್ಬಿಯಿಂದ ಒಂದನ್ನು ತೆಗೆದು ಆಕಾಶಕ್ಕೆ ಹೊಡೆದ. ‘ಢಂ’ ಎನ್ನಬೇಕಾದದ್ದು ‘ಟುಸ್’ ಎಂದಿತು. ಹೆಗಲಿಗೆ ಒದೆತವೇ ಇಲ್ಲ. ಅವನು ನಗುತ್ತಾ ಕೋವಿ ಮುರಿದು, ಖಾಲಿ ತೋಟಾ ಎಸೆದು, ಇನ್ನೊಂದನ್ನು ತುರುಕಲು ಹೊರಟಿದ್ದ. ಸದ್ದು ಬದಲಾದರೆ ನಳಿಗೆಯೊಳಗೆ ನೋಡದೆ ಮುಂದಿನ ಈಡು ತುಂಬಬಾರದು ಎಂಬ ಅಪ್ಪನ ಮಾತು ನನಗೆ ನೆನಪಾದದ್ದು ಪುಣ್ಯ. ಬೆಳಕಿಗೆ ಹಿಡಿದು ನೋಡಿದರೆ ಆಚೆಯ ಆಕಾಶ ಕಾಣಲಿಲ್ಲ. ಮದ್ದಿಗೂ ಚರೆಗೂ ನಡುವೆ ಇರುವ ಬಿರಡೆ ನಳಿಗೆಯ ಮಧ್ಯದಲ್ಲಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಒಳ್ಳೆಯ ತೋಟಾ ಹಾರಿಸಿದ್ದರೆ ನಳಿಗೆ ಸಿಡಿಯುತ್ತಿತ್ತು, ತಮ್ಮನ ಎಡಗೈ ಇರುತ್ತಿದ್ದ ಜಾಗದಲ್ಲೇ.

‘ಹಾರಿದರೆ ಹಾರಿತು, ಇಲ್ಲದಿದ್ದರೆ ಎಸೆದರಾಯಿತು’ ಎನ್ನುವುದು ನಮ್ಮ ಕಡೆಯ ಸಾಮಾನ್ಯ ಮಾತು. ನನ್ನ ಜಗಳ ಇರುವುದು ಈ ಮಾತಿನೊಂದಿಗೆ. ತೋಟಾಕ್ಕೆ ಹಾರುವುದು, ಹಾರದಿರುವುದು ಎಂಬ ಎರಡೇ ಸ್ಥಿತಿ ಎಂದು ಅದು ನಂಬಿಸುತ್ತದೆ. ಅರ್ಧ ಹಾರುವುದು, ತಡವಾಗಿ ಹಾರುವುದು ಎಂಬ ಇನ್ನೆರಡು ಇವೆ. ಕೈಕಾಲು ಕಳೆಯುವುದು ಅವು.

ಎದುರು ವಾದವನ್ನೂ ಹೇಳಿಬಿಡುತ್ತೇನೆ. ಕಾರ್ಖಾನೆಯ ತೋಟಾ ತಣ್ಣಗಿನ ಒಣ ಜಾಗದಲ್ಲಿದ್ದರೆ ದಶಕಗಟ್ಟಲೆ ಬಾಳುತ್ತದೆ. ಇದು ನಿಜ. ಆದರೆ ಮಲೆನಾಡಿನಲ್ಲಿ ತಣ್ಣಗಿನ ಒಣ ಜಾಗ ಎಲ್ಲಿದೆ? ನಾಲ್ಕು ತಿಂಗಳು ಮಳೆ, ಒಲೆಯ ಮೇಲಿನ ಅಟ್ಟದಲ್ಲಿ ವರ್ಷವಿಡೀ ಕಾವು. ಹೊಗೆರಹಿತ ಮದ್ದಿನ ಮುಖ್ಯ ಭಾಗ ನೈಟ್ರೋಸೆಲ್ಯುಲೋಸ್. ಅದು ತಾನಾಗಿಯೇ ನಿಧಾನಕ್ಕೆ ಕೆಡುತ್ತಾ ಆಮ್ಲದ ಅನಿಲ ಬಿಡುತ್ತದೆ. ಅದನ್ನು ಹೀರಿಕೊಳ್ಳಲು ಡೈಫಿನೈಲಮೈನ್‌ನಂಥ ವಸ್ತು ಬೆರೆಸಿರುತ್ತಾರೆ. ಕಾವು ಹೆಚ್ಚಿದಷ್ಟೂ ಅದು ಬೇಗ ತೀರುತ್ತದೆ. ತೇವ ತಗುಲಿದ ಕೇಪು ಮಂಕಾಗುತ್ತದೆ. ಕಾಗದದ ತೋಟಾ ಉಬ್ಬಿ ನಳಿಗೆಗೆ ಹೋಗದು, ಹೋದರೆ ಬಾರದು. ಹಿತ್ತಾಳೆಯ ತಳಕ್ಕೆ ಹಸಿರು ಕಿಲುಬು ಹತ್ತುತ್ತದೆ. ಆದ್ದರಿಂದ ಎಷ್ಟು ವರ್ಷ ಹಳೆಯದು ಎಂಬ ಪ್ರಶ್ನೆಯ ಜೊತೆಗೆ ಎಲ್ಲಿ ಇಟ್ಟಿದ್ದು ಎಂದೂ ಕೇಳಬೇಕು. ಎರಡಕ್ಕೂ ಉತ್ತರ ಇಲ್ಲದ ತೋಟಾವನ್ನು ಕೋವಿಗೆ ಹಾಕಬಾರದು.

ನಾನಿರುವ ಉಂಟರ್‌ಫ್ಯೋರಿಂಗ್ ಮ್ಯೂನಿಕ್‌ಗೆ ಅಂಟಿಕೊಂಡ ಊರು. ಇಸಾರ್ ನದಿಯ ಆಚೆ, ಸ್ವಲ್ಪ ದಕ್ಷಿಣಕ್ಕೆ ಶ್ವಾಬಿಂಗ್ ಇದೆ. ಅಲ್ಲಿ 2012ರ ಆಗಸ್ಟ್‌ನಲ್ಲಿ ನೆಲ ಅಗೆಯುವಾಗ ಎರಡನೇ ಮಹಾಯುದ್ಧದ 250 ಕಿಲೋ ಬಾಂಬ್ ಸಿಕ್ಕಿತು. ನಿಷ್ಕ್ರಿಯಗೊಳಿಸಲು ಆಗದೆ 28ರ ರಾತ್ರಿ ಅಲ್ಲೇ ಸ್ಫೋಟಿಸಿದರು. ಸುತ್ತಲಿನ ಕಿಟಕಿಗಳು ಒಡೆದವು, ಕಟ್ಟಡಗಳಿಗೆ ಬೆಂಕಿ ಬಿತ್ತು. ಬಾಂಬಿಗೂ ತೋಟಾಕ್ಕೂ ಅಜಗಜಾಂತರ, ಒಪ್ಪುತ್ತೇನೆ. ಹಳೆಯ ಮದ್ದು ಸತ್ತಿರುತ್ತದೆ ಎಂಬ ನಂಬಿಕೆಗೆ ಮಾತ್ರ ಎರಡೂ ಕಡೆ ಆಧಾರವಿಲ್ಲ.

ಇಲ್ಲಿಯವರೇನೂ ನಮಗಿಂತ ಜಾಣರಲ್ಲ. ಇವರ ನೆಲಮಾಳಿಗೆಗಳಲ್ಲೂ ಅಜ್ಜನ ತೋಟಾ ಸಿಗುತ್ತವೆ. ಆದರೆ 2017ರ ಜುಲೈ 6ರಿಂದ 2018ರ ಜುಲೈ 1ರವರೆಗೆ ಸರ್ಕಾರ ಒಂದು ಬಾಗಿಲು ತೆರೆದಿತ್ತು. ಅಕ್ರಮವಾಗಿ ಉಳಿದ ಶಸ್ತ್ರ, ತೋಟಾ ತಂದೊಪ್ಪಿಸಿದರೆ ಇಟ್ಟುಕೊಂಡ ತಪ್ಪಿಗೆ ಶಿಕ್ಷೆಯಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ತೀರಿಹೋದ ಗಂಡನ ಡಬ್ಬಿಯನ್ನು ಹಾಗೆಯೇ ಸಾಗಹಾಕಿದರು.

ನಮ್ಮದು ಲೈಸೆನ್ಸಿರುವ, ಲೆಕ್ಕಕ್ಕೆ ಸರಿಯಾದ ತೋಟಾ. ಉಳಿದ ಹದಿನಾರನ್ನು ಒಪ್ಪಿಸಲು ಹೋದರೆ ಠಾಣೆಯಲ್ಲಿ ‘ಇಟ್ಕೊಳ್ಳಿ ಸಾರ್, ಎಲ್ಲಿ ಬರೆಯೋದು ಇದನ್ನ?’ ಎಂದರು. ಕೋವಿ ಅಂಗಡಿಯವರೂ ಕೈ ಚೆಲ್ಲಿದರು. ಕೊಳ್ಳುವಾಗ ಒಂದೊಂದಕ್ಕೂ ಲೆಕ್ಕ ಕೇಳುವ ವ್ಯವಸ್ಥೆಗೆ ಹಿಂತಿರುಗಿಸುವವನು ಬಂದರೆ ಬರೆಯಲು ಕಾಲಮ್ಮೇ ಇಲ್ಲ! ಹಾಗಾಗಿ ಜನ ಕೆರೆಗೆ ಎಸೆಯುತ್ತಾರೆ, ಹೂಳುತ್ತಾರೆ, ಇಲ್ಲವೇ ಮಂಗನ ಮೇಲೆ ಪರೀಕ್ಷೆ ಮಾಡುತ್ತಾರೆ.

ದಾಸ್ತಾನನ್ನು ಕೊಂಡ ಬೆಲೆ, ಮಾರಿದರೆ ಬರುವ ಬೆಲೆ ಇವೆರಡರಲ್ಲಿ ಕಡಿಮೆಯದಕ್ಕೆ ತೋರಿಸಬೇಕು ಎನ್ನುವುದು ನಮ್ಮ ವೃತ್ತಿಯ ಮೊದಲ ಪಾಠಗಳಲ್ಲೊಂದು. ಭಾರತದ ಎ.ಎಸ್. 2 ಹೇಳುವುದೂ ಅದನ್ನೇ, ಜರ್ಮನಿಯ ವಾಣಿಜ್ಯ ಸಂಹಿತೆಯ 253ನೇ ಕಲಮು ಹೇಳುವುದೂ ಅದನ್ನೇ. ಕೆಟ್ಟ ಸರಕನ್ನು ಆಸ್ತಿಯೆಂದು ತೋರಿಸಿದರೆ ಲೆಕ್ಕಪರಿಶೋಧಕ ಸಹಿ ಹಾಕಬಾರದು. ನಾನೂ ಹಾಕಲಿಲ್ಲ. ಅಪ್ಪನ ಪಟ್ಟಿಯಲ್ಲಿ ತೋಟಾಗಳ ಬೆಲೆ ಸೊನ್ನೆ ಎಂದು ಬರೆದೆ. ತಮ್ಮನಿಗೆ ಬೇಸರವಾಯಿತು. ‘ಅಪ್ಪ ಜೋಪಾನ ಮಾಡಿದ್ದು’ ಎಂದ. ಅಪ್ಪ ಜೋಪಾನ ಮಾಡಿದ್ದು ನಮ್ಮನ್ನು ಎಂದೆ.

ಪರಿಹಾರ ದುಬಾರಿಯದೇನಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಐದು ವರ್ಷ. ನವೀಕರಣಕ್ಕೆ ಹೋದಾಗ ತೋಟಾಗಳ ಸಂಖ್ಯೆಯ ಜೊತೆ ಕೊಂಡ ವರ್ಷವನ್ನೂ ಬರೆಯಲಿ. ಚುನಾವಣೆ ಬಂದಾಗಲೆಲ್ಲ ರೈತರ ಕೋವಿಗಳನ್ನು ಠಾಣೆಗೆ ತರಿಸಿಕೊಳ್ಳುತ್ತಾರಲ್ಲ, ಆಗಲೇ ಹಳೆಯ ತೋಟಾಗಳನ್ನು ರಸೀದಿ ಕೊಟ್ಟು ತೆಗೆದುಕೊಳ್ಳಲಿ, ಅಷ್ಟೇ ಸಂಖ್ಯೆಯ ಹೊಸವನ್ನು ಕೊಳ್ಳಲು ಅಡ್ಡಿ ಮಾಡದಿರಲಿ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ಲೈಸೆನ್ಸಿನ ವಿನಾಯಿತಿ 2029ರವರೆಗೆ ಮುಂದುವರಿದಿರುವ ಕೊಡಗಿನಲ್ಲಿ ಕೈಲ್‌ಪೋದ್ ದಿನ, ಉಳಿದ ಕಡೆ ಆಯುಧಪೂಜೆಯ ದಿನ ಕೋವಿಗೆ ಹೂವಿಡುತ್ತೇವೆ. ಅಂದೇ ಡಬ್ಬಿಯನ್ನೂ ಇಳಿಸಿ. ಹೊಸ ತೋಟಾದ ಪೆಟ್ಟಿಗೆಯ ಮೇಲೆ ಕೊಂಡ ವರ್ಷ ಬರೆಯಿರಿ. ಹಳೆಯದು ಮೊದಲು ಖರ್ಚಾಗಲಿ. ಉಬ್ಬಿದ್ದು, ಕಿಲುಬು ಹಿಡಿದದ್ದು, ವಯಸ್ಸು ತಿಳಿಯದ್ದು ಬೇರೆ ಇಡಿ. ಬಿಚ್ಚಬೇಡಿ, ಒಲೆಗೆ ಹಾಕಬೇಡಿ, ಲಿಖಿತ ಅರ್ಜಿಯೊಂದಿಗೆ ಠಾಣೆಗೆ ಒಯ್ಯಿರಿ. ಕುದುರೆ ಎಳೆದರೂ ಹಾರದಿದ್ದರೆ ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ. ಸದ್ದು ಬದಲಾದರೆ ಖಾಲಿ ಮಾಡಿ ನಳಿಗೆ ನೋಡಿ.

ನಮ್ಮ ಹದಿನಾರು ತೋಟಾ ಈಗಲೂ ಮನೆಯಲ್ಲೇ ಇವೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ‘ಬಳಸಬಾರದು’ ಎಂಬ ಚೀಟಿಯ ಕೆಳಗೆ. ಅರ್ಜಿಯ ಸ್ವೀಕೃತಿ ನನ್ನ ಬಳಿ ಇದೆ. ಉತ್ತರ ಬಂದಿಲ್ಲ.