ಹದಿಹರೆಯದ ತಳಮಳ

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕಗಳೊಡನೆ ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನವನ್ನು ಆರಿಸಿಕೊಂಡಳೆನ್ನೋಣ. ಊರು ಬದಲಾಯಿತು, ಸಂಗಡಿಗರು ಬದಲಾದರು, ಪಾಠ ಇಂಗ್ಲಿಷಿನಲ್ಲಿ ನಡೆಯತೊಡಗಿತು. ಮೊದಲನೆಯ ಕಿರುಪರೀಕ್ಷೆಯಲ್ಲಿ ಅಂಕಗಳು ಇಳಿದುವು. ‘ನಾನು ದಡ್ಡಿ’ ಎಂದು ಆಕೆ ತೀರ್ಮಾನಿಸುತ್ತಾಳೆ. ‘ಇವಳಿಗೆ ಓದಿನಲ್ಲಿ ಲಕ್ಷ್ಯವಿಲ್ಲ’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಈ ಎರಡು ತೀರ್ಮಾನಗಳೂ ಅವಸರದವು. ವಿಜ್ಞಾನದ ಬೆಂಬಲ ಇವಕ್ಕಿಲ್ಲ.

ಹೊರಗಿನ ಬದಲಾವಣೆಗಳೂ ಒಳಗಿನ ಬದಲಾವಣೆಗಳೂ ಒಮ್ಮೆಗೇ ಬಂದೊದಗುವುದು ಈ ವಯಸ್ಸಿನ ತೊಡಕು. ಮಿದುಳಿನ ಹೈಪೊಥಲಾಮಸ್ ಎಂಬ ಭಾಗವು ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸಿ, ಅದರ ಮೂಲಕ ಶರೀರವನ್ನು ಪ್ರೌಢತೆಯ ಕಡೆಗೆ ನಡೆಸುತ್ತದೆ. ಇದೇ ಕಾಲದಲ್ಲಿ ಮಿದುಳು ತಾನೂ ಮಾರ್ಪಡುತ್ತಿರುತ್ತದೆ. ಅಮೆರಿಕದ ಜೇ ಗೀಡ್ ಮತ್ತು ಅವರ ಸಹೋದ್ಯೋಗಿಗಳು ಮಕ್ಕಳ ಹಾಗೂ ತರುಣರ ಮಿದುಳನ್ನು ಎಂ.ಆರ್.ಐ. ಯಂತ್ರದಿಂದ ಮತ್ತೆ ಮತ್ತೆ ಪರೀಕ್ಷಿಸಿ, 1999ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಿದುಳಿನ ಮುಂಭಾಗದ ಬೂದುದ್ರವ್ಯವು ಸುಮಾರು 11–12 ವರ್ಷಗಳವರೆಗೆ ಹೆಚ್ಚಿ, ಅನಂತರ ಕಡಮೆಯಾಗುವುದು ಅವರಿಗೆ ಕಂಡುಬಂದಿತು. ಇದು ಕ್ಷಯವಲ್ಲ. ತೋಟಗಾರನು ಬೇಡದ ರೆಂಬೆಗಳನ್ನು ಸವರುವಂತೆ, ನರಕೋಶಗಳ ನಡುವಣ ಬಳಕೆಯಿಲ್ಲದ ಸಂಪರ್ಕಗಳು ಕಳಚುತ್ತವೆ, ಬಳಕೆಯಲ್ಲಿರುವುವು ಬಲಗೊಳ್ಳುತ್ತವೆ. ಯೋಜನೆ ಮತ್ತು ಸಂಯಮಗಳಿಗೆ ಆಧಾರವಾದ ಈ ಮುಂಭಾಗವು ಪಕ್ವವಾಗಲು ಸುಮಾರು 25 ವರ್ಷಗಳು ಬೇಕು. ಭಾವಾವೇಶಕ್ಕೆ ಸಂಬಂಧಿಸಿದ ಭಾಗಗಳಾದರೋ ಅದಕ್ಕೂ ಮೊದಲೇ ಚುರುಕಾಗಿರುತ್ತವೆ. ನಿದ್ರೆಯ ವೇಳೆಯನ್ನು ಸೂಚಿಸುವ ಮೆಲಟೋನಿನ್ ಕೂಡ ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಸ್ರವಿಸುತ್ತದೆ. ಆದುದರಿಂದ ಬೆಳಗಿನ ಜಡತೆಯನ್ನೆಲ್ಲ ಸೋಮಾರಿತನವೆನ್ನುವುದು ನ್ಯಾಯವಲ್ಲ.

ಹಾಗೆಂದು, ‘ಎಲ್ಲವೂ ವಯೋಧರ್ಮ’ ಎಂದು ಕೈಕಟ್ಟಿ ಕುಳಿತುಕೊಳ್ಳುವುದೂ ಸಲ್ಲದು. ಬಳಸಿದ್ದು ಬಲಗೊಳ್ಳುವುದಾದರೆ, ಹೊಸದನ್ನು ರೂಢಿಸಿಕೊಳ್ಳಲು ಇದಕ್ಕಿಂತ ಅನುಕೂಲವಾದ ಕಾಲ ವಿರಳ. ಇಂಗ್ಲಿಷಿನ ಪಾರಿಭಾಷಿಕ ಪದವನ್ನು ಅದರ ಕನ್ನಡ ಅರ್ಥದೊಡನೆ ದಿನಕ್ಕೆ ಹತ್ತರಂತೆ ಬರೆದುಕೊಂಡರೆ ಕೆಲವು ತಿಂಗಳುಗಳಲ್ಲಿ ಪಾಠದ ಭಾಷೆ ಪರಿಚಿತವಾಗುತ್ತದೆ. ಮೊದಲ ತಿಂಗಳುಗಳಲ್ಲಿ ಅಧ್ಯಾಪಕರು ಎರಡೂ ಭಾಷೆಗಳಲ್ಲಿ ವಿವರಿಸಬೇಕು. ಅಂಥ ವಿವರಣೆಯನ್ನು ಕೇಳಿ ಪಡೆಯಲು ವಿದ್ಯಾರ್ಥಿಗಳು ಸಂಕೋಚಪಡಬಾರದು. ತಾಯಿತಂದೆಗಳು ಮೊದಲನೆಯ ಪರೀಕ್ಷೆಯಿಂದ ಮಗುವಿನ ಬುದ್ಧಿಯನ್ನು ಅಳೆಯಬಾರದು. ಭಾಷೆಯ ತೊಡಕನ್ನು ಬುದ್ಧಿಯ ಕೊರತೆಯೆಂದು ಭಾವಿಸಿ ಒಳ್ಳೆಯ ವಿದ್ಯಾರ್ಥಿಗಳು ವಿಜ್ಞಾನವನ್ನು ತೊರೆದರೆ ನಷ್ಟ ಅವರೊಬ್ಬರದೇ ಅಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಎಲ್ಲ ದುಗುಡವೂ ತಾನಾಗಿ ಕಳೆಯುವಂಥದಲ್ಲ. ಎರಡು ವಾರಗಳಾದರೂ ಮನಸ್ಸು ಮಂಕಾಗಿಯೇ ಇದ್ದು, ಊಟ ನಿದ್ರೆಗಳು ಕೆಟ್ಟಿದ್ದರೆ ವೈದ್ಯರ ಸಲಹೆಯನ್ನು ಪಡೆಯಬೇಕು. ಬದುಕೇ ಬೇಡವೆಂಬ ಯೋಚನೆ ಸುಳಿದರಂತೂ ಒಂದು ದಿನವೂ ಕಾಯದೆ ನಂಬುಗೆಯ ಹಿರಿಯರೊಬ್ಬರಿಗೆ ತಿಳಿಸಬೇಕು. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸೇವೆಯಲ್ಲಿ 14416 ಸಂಖ್ಯೆಗೆ ಕರೆಮಾಡಿ, ಹಗಲಿರುಳೆನ್ನದೆ, ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರ ಬಂದಾಗ ಔಷಧವನ್ನು ಕೇಳಲು ನಾವು ನಾಚುವುದಿಲ್ಲ. ಮನಸ್ಸಿನ ವಿಷಯದಲ್ಲಿಯೂ ಅಷ್ಟೇ ಸಹಜವಾಗಿ ನೆರವನ್ನು ಕೇಳುವುದನ್ನು ತರುಣರು ರೂಢಿಸಿಕೊಳ್ಳಲಿ; ಕೇಳಿದಾಗ ಗದರದೆ ಆಲಿಸುವುದನ್ನು ಹಿರಿಯರು ಕಲಿಯಲಿ.